ನೀಲಿ ಬಾಗಿಲ ಅಜ್ಜಿ ಕಂಡಲ್ಲಿ ಎಡಕ್ಕೆ

ನನ್ನ ಸೋದರಮಾವ ಮೂವತ್ತು ವರ್ಷ ಪುರಸಭೆಯ ನೀರಿನ ಮೀಟರ್ ಓದಿದವರು. ಹಾಗಾಗಿ ಬೀದಿಗೆಲ್ಲ ಅವರು ಮೀಟರ್ ಮಾವ. ಸೈಕಲ್ಲಿನಲ್ಲಿ ಮನೆಮನೆಗೆ ಹೋಗುವುದು, ಬಗ್ಗಿ ಮುಚ್ಚಳ ತೆಗೆಯುವುದು, ಅಂಕಿ ಬರೆದುಕೊಳ್ಳುವುದು, ಮತ್ತೆ ಮುಚ್ಚಳ ಹಾಕುವುದು. ನಿವೃತ್ತಿಯಾದ ಮೇಲೆ ಬಗ್ಗುವುದು ನಿಂತಿತು, ಬರೆಯುವ ಚಟ ಬಿಡಲಿಲ್ಲ. ನಮ್ಮೂರ ಸೈಕಲ್ ಸಂಘಕ್ಕೆ ದಾರಿ ಬರೆದುಕೊಡುವ ಕೆಲಸವನ್ನು ಯಾರೂ ಕೇಳದೆ ತಾವೇ ಮೈಮೇಲೆ ಎಳೆದುಕೊಂಡರು.

ಅದನ್ನು ಟೈಪು ಮಾಡಿ ಪ್ರತಿ ತೆಗೆಯುವ ಕರ್ಮ ನನ್ನ ಪಾಲಿಗೆ ಬಂತು, ಯಾಕೆಂದರೆ ಜೆರಾಕ್ಸ್ ಅಂಗಡಿ ಇಟ್ಟುಕೊಂಡವಳು ನಾನು. ಬಾಗಿಲ ಪಕ್ಕ ಒಂದು ಯಂತ್ರ, ಒಳಗೆ ಒಂದು ಕಂಪ್ಯೂಟರ್, ಗೋಡೆಗೊರಗಿಸಿ ಪೇರಿಸಿದ ಕಾಗದದ ಕಟ್ಟುಗಳು, ಅವುಗಳ ಮೇಲೆ ಮಾವ. ಅಲ್ಲಿ ಕೂರಬೇಡಿ, ಹಾಳೆ ಮುದುಡುತ್ತದೆ ಎಂದು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ನನ್ನ ಸಿಡುಕು ಅವರಿಗೆ ಫ್ಯಾನಿನ ಸದ್ದಿದ್ದ ಹಾಗೆ, ಕಿವಿಗೇ ಬೀಳುತ್ತಿರಲಿಲ್ಲ.

ದಾರಿ ಬರೆಯುವುದೆಂದರೆ ಇಷ್ಟೇ: ಭಾನುವಾರ ಬೆಳಗ್ಗೆ ಜನ ಸೈಕಲ್ ಏರಿ ಹೊಲಗಳ ನಡುವೆ, ಹಳೇ ಗೋಡೆ ಗೋಪುರಗಳ ಹಳ್ಳಿಗಳಲ್ಲಿ ಒಂದು ಸುತ್ತು ಹೋಗಿಬರುತ್ತಾರೆ. ಅವರ ಹ್ಯಾಂಡಲ್ಲಿಗೆ ಕ್ಲಿಪ್ಪಿನಲ್ಲಿ ಸಿಕ್ಕಿಸಿಕೊಳ್ಳಲು ಒಂದು ಹಾಳೆ ಬೇಕು. ಎಷ್ಟನೇ ಕಿಲೋಮೀಟರಿಗೆ ಏನು ಕಾಣುತ್ತದೆ, ಅಲ್ಲಿ ಎತ್ತ ತಿರುಗಬೇಕು, ಅದರಲ್ಲಿರುತ್ತದೆ. ಫೋನಿನಲ್ಲಿ ಮ್ಯಾಪ್ ಇಲ್ಲವೇ ಎಂದು ಕೇಳಬೇಡಿ. ಆ ಗುಡ್ಡಗಳ ನಡುವೆ ಹೊಕ್ಕ ಮೇಲೆ ಫೋನು ಬರೀ ಗಡಿಯಾರ.

ಮಾವನಿಗೆ ಒಂದು ನೇಮವಿತ್ತು. ಎದ್ದು ಹೋಗುವಂಥದ್ದನ್ನು ಗುರುತಾಗಿ ಬರೆಯಕೂಡದು. ನಿಂತ ಲಾರಿ ಬೇಡ, ಕಟ್ಟಿದ ಕುದುರೆ ಬೇಡ, ಒಣಹಾಕಿದ ಬಟ್ಟೆ ಬೇಡ, ಮನುಷ್ಯರಂತೂ ಬೇಡವೇ ಬೇಡ. ಸೇತುವೆ, ಗೋಪುರ, ಗಿರಣಿ, ಕಲ್ಲಿನ ತೊಟ್ಟಿ ಇಂಥವು ಆಗಬಹುದು. ಹೊಸಬರು ಯಾರಾದರೂ ‘ಕೆಂಪು ನಾಯಿ ಮಲಗಿರುವಲ್ಲಿ ಬಲಕ್ಕೆ’ ಎಂದು ಬರೆದು ತಂದರೆ ಆ ಹಾಳೆಯನ್ನು ಅವರ ಕಣ್ಣೆದುರೇ ಮಡಚಿ ನನ್ನ ಕಸದ ಬುಟ್ಟಿಗೆ ಹಾಕುತ್ತಿದ್ದರು. “ನೀವು ಬರೋವರೆಗೂ ಮಲಗಿರ್ತೀನಿ ಅಂತ ನಾಯಿ ಮಾತು ಕೊಟ್ಟಿದೆಯಾ?” ಎಂದು ಕೇಳುತ್ತಿದ್ದರು.

ಅಂಥವರೇ ಒಂದು ಸಲ ನೇಮ ಮುರಿದರು. ಹನ್ನೊಂದು ವರ್ಷದ ಹಿಂದೆ, ಅತ್ತೆ ತೀರಿಕೊಂಡ ಎರಡನೇ ತಿಂಗಳು. ಗುಡ್ಡದಾಚೆ ನಲವತ್ತೊಂಬತ್ತು ಕಿಲೋಮೀಟರಿನ ಒಂದು ಸುತ್ತು ಬರೆದು ತಂದಿದ್ದರು. ದಾರಿಯೆಲ್ಲ ಸಲೀಸು, ಏರಿದ್ದೇ ಗೊತ್ತಾಗದಂಥ ಏರು. ಮೂವತ್ತೊಂದನೇ ಕಿಲೋಮೀಟರಿಗೆ, ಸುತ್ತ ಹಳೇ ಗೋಡೆಯಿರುವ ಒಂದು ಸಣ್ಣ ಹಳ್ಳಿ. ಮೇಲಿನ ಊರಬಾಗಿಲಿನಿಂದ ಒಳಗೆ ಹೋಗಬೇಕು, ನಡುವೆ ಎಲ್ಲೋ ಎಡಕ್ಕೆ ತಿರುಗಿ ಹೊರಬೀಳಬೇಕು. ಆ ಊರಿನ ತೊಡಕೆಂದರೆ ಮನೆ ಬಾಗಿಲುಗಳೆಲ್ಲ ನೀಲಿ. ಯಾವ ಕಾಲದಲ್ಲೋ ಯಾರೋ ಒಂದು ಡ್ರಮ್ಮು ನೀಲಿ ಬಣ್ಣ ತಂದು ಊರಿಗೆಲ್ಲ ಹಂಚಿರಬೇಕು. ಎಡಕ್ಕೆ ಏಳು ಓಣಿ, ಏಳೂ ಒಂದೇ ಥರ. ಒಂದೊಂದು ಸೈಕಲ್ಲಿನ ಮೀಟರ್ ಒಂದೊಂದು ಹೇಳುವುದರಿಂದ ಅಷ್ಟು ಹತ್ತಿರದ ಓಣಿಗಳಲ್ಲಿ ಅಂಕಿಯನ್ನು ನಂಬುವ ಹಾಗೂ ಇಲ್ಲ. ಮಾವ ಬರೆದದ್ದು ಹೀಗೆ: ‘31.6: ನೀಲಿ ಬಾಗಿಲ ಮುಂದೆ ಬಟಾಣಿ ಸುಲಿಯುತ್ತ ಕೂತ ಅಜ್ಜಿ ಕಂಡಲ್ಲಿ ಎಡಕ್ಕೆ.’

ನಾನು ಹುಬ್ಬೇರಿಸಿ ನೋಡಿದೆ.

“ಎಂಬತ್ತನಾಲ್ಕು ವರ್ಷವಂತೆ ಅವರಿಗೆ. ದಿನಾ ಅಲ್ಲೇ ಕೂರ್ತಾರಂತೆ,” ಎಂದರು ಮಾವ. “ಸೈಕಲ್ ನಿಲ್ಲಿಸಿದ ಕೂಡಲೇ ಊಟ ಆಯ್ತಾ ಅಂತ ಕೇಳಿದ್ರು ಪುಟ್ಟಿ. ಈ ಎರಡು ತಿಂಗಳಲ್ಲಿ ನನ್ನನ್ನ ಹಾಗೆ ಕೇಳಿದವರು ಅವರೊಬ್ಬರೇ.”

ದಿನಕ್ಕೆರಡು ಸಲ ಅವರ ಮುಖ ನೋಡುತ್ತಿದ್ದ ನಾನು ಕೇಳಿರಲಿಲ್ಲ. ನಾಚಿಕೆಯಾಯಿತು. ಆ ನಾಚಿಕೆಯಲ್ಲೇ ಬಾಯಿ ಮುಚ್ಚಿಕೊಂಡು ಆ ಸಾಲನ್ನು ಇದ್ದ ಹಾಗೇ ಟೈಪು ಮಾಡಿದೆ.

ಆಮೇಲೆ ಹತ್ತು ವರ್ಷ ಅದರ ಯೋಚನೆಯೇ ಬರಲಿಲ್ಲ. ಹಾಳೆ ಜನಪ್ರಿಯವಾಯಿತು. ಪ್ರತಿಯ ಪ್ರತಿ ತೆಗೆದು ಬೇರೆ ಊರಿನವರೂ ಒಯ್ದರು. ಮಾವ ಹೊಸ ದಾರಿಗಳ ಹಿಂದೆ ಬಿದ್ದರು, ಬರೆದಾದ ದಾರಿಗೆ ಮತ್ತೆ ಹೋಗುವ ಅಭ್ಯಾಸ ಅವರಿಗಿರಲಿಲ್ಲ. ಕಳೆದ ವರ್ಷ ಸಂಘದವರು ಎಲ್ಲ ದಾರಿಗಳನ್ನೂ ಸೇರಿಸಿ ಒಂದು ಪುಸ್ತಕ ಮಾಡೋಣ ಎಂದಾಗ ಸವಾರರು ಅನಿಸಿಕೆ ಬರೆದಿಟ್ಟ ದಪ್ಪ ರಿಜಿಸ್ಟರ್ ನನ್ನ ಮೇಜಿಗೆ ಬಂತು. ಗುಡ್ಡದಾಚೆಯ ದಾರಿಗೆ ಐವತ್ತಮೂರು ಅನಿಸಿಕೆಗಳಿದ್ದವು. ಟೈಪು ಮಾಡುತ್ತ ಮಾಡುತ್ತ ನನ್ನ ಬೆರಳು ನಿಧಾನವಾಯಿತು.

‘ಅಜ್ಜಿ ಇದ್ದಾರೆ. ಬಿಳಿ ಶಾಲು.’ ‘ಹಾಳೆಯಲ್ಲಿ ಬರೆದ ಹಾಗೇ ಅಜ್ಜಿ ಕೂತಿದ್ದರು, ಬಟಾಣಿ ಸುಲಿಯುತ್ತಿದ್ದರು.’ ‘ಜೋರು ಮಳೆಯಲ್ಲೂ ಅಜ್ಜಿ.’ ‘ಅಜ್ಜಿ ತಲೆ ಎತ್ತಲಿಲ್ಲ, ಎಡಗೈ ಮಾತ್ರ ಎತ್ತಿ ತೋರಿಸಿದರು.’ ತಾರೀಖು ನೋಡಿದೆ. ಎಲ್ಲ ತಿಂಗಳೂ ಇದ್ದವು. ಬಟಾಣಿ ಗಿಡ ನೆಲದಲ್ಲೇ ಇರದ ತಿಂಗಳುಗಳೂ ಇದ್ದವು. ಇತ್ತೀಚಿನದು ಹೋದ ವಾರದ್ದು. ನಡುಹಗಲು, ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು, ಆದರೂ ಎದ್ದು ಲೈಟು ಹಾಕಿದೆ.

“ಮಾವ, ಆ ಅಜ್ಜಿಗೆ ಈಗ ಎಷ್ಟು ವರ್ಷ?” ಎಂದೆ.

ಕಾಗದದ ಕಟ್ಟಿನ ಮೇಲೆ ಕೂತು ಟೀ ಕುಡಿಯುತ್ತಿದ್ದ ಮಾವ ಮೊದಲು ನಕ್ಕರು. ಆಮೇಲೆ ಮನಸ್ಸಿನಲ್ಲೇ ಕೂಡಿದರು. ಲೋಟ ಕೆಳಗಿಟ್ಟು ರಿಜಿಸ್ಟರನ್ನು ಎಳೆದುಕೊಂಡು ಐವತ್ತಮೂರನ್ನೂ ಓದಿದರು.

“ಇದರಲ್ಲಿ ಏನೋ ಸರಿಯಿಲ್ಲ,” ಎಂದರು. “ಆ ಅಜ್ಜಿಗೆ ಎಡಗೈ ಎತ್ತೋಕೇ ಆಗ್ತಿರಲಿಲ್ಲ ಪುಟ್ಟಿ. ಭುಜ ಹಿಡಿದುಕೊಂಡಿತ್ತು. ಗಲ್ಲದಲ್ಲಿ ದಾರಿ ತೋರಿಸಿದ್ರು ನನಗೆ.”

ಮುಂದಿನ ಭಾನುವಾರ ಇಬ್ಬರೂ ಹೊರಟೆವು. ಮಾವನಿಗೆ ಎಪ್ಪತ್ತು ಹತ್ತಿರ, ನನಗೆ ನಲವತ್ತೆರಡು. ಏದುಸಿರು ಬಿಟ್ಟದ್ದು ನಾನು. ಕಾಲುವೆ ದಂಡೆ, ಕೊಯ್ದ ಹೊಲಗಳು, ಚಕ್ರವಿಲ್ಲದ ನೀರಿನ ಗಿರಣಿ, ಮೂರು ಕಮಾನಿನ ಕಲ್ಲು ಸೇತುವೆ. ಮಾವ ಬರೆದದ್ದೆಲ್ಲ ಬರೆದಲ್ಲೇ ಇತ್ತು. ಬೇರೆ ದಿನವಾಗಿದ್ದರೆ ಒಂದೊಂದಕ್ಕೂ ನನ್ನ ಕಡೆ ತಿರುಗಿ ಜಂಬದಿಂದ ನೋಡುತ್ತಿದ್ದರು. ಅವತ್ತು ಮುಂದೆ ನೋಡಿಕೊಂಡೇ ತುಳಿದರು.

ಹಳ್ಳಿಯ ಮೇಲಿನ ಬಾಗಿಲು ಹೊಕ್ಕಾಗ ನೆತ್ತಿಯ ಮೇಲೆ ಬಿಸಿಲು. ಇಕ್ಕಟ್ಟಾದ ಕಲ್ಲುಹಾಸಿನ ಬೀದಿ, ಎರಡೂ ಕಡೆ ನೀಲಿ ಬಾಗಿಲು, ಮುಕ್ಕಾಲುಪಾಲು ಬೀಗ. ನಾಯಿಯಿಲ್ಲ, ಕೋಳಿಯಿಲ್ಲ. ನಮ್ಮ ಚಕ್ರಗಳ ಸದ್ದು ಗೋಡೆಗೆ ಬಡಿದು ನಮ್ಮ ಹಿಂದೆ ಇನ್ನೂ ಇಬ್ಬರು ಬರುತ್ತಿದ್ದಾರೇನೋ ಅನಿಸುತ್ತಿತ್ತು. ನಾನು ಎರಡು ಸಲ ತಿರುಗಿ ನೋಡಿದೆ. ಆಗ ತಗಡಿನ ಬೋಗುಣಿಗೆ ಏನೋ ಬೀಳುವ ಸದ್ದು ಕೇಳಿಸಿತು. ಟಕ್. ಸ್ವಲ್ಪ ಹೊತ್ತು ಬಿಟ್ಟು, ಟಕ್.

ಕೂತಿದ್ದರು. ಬಿಳಿ ಶಾಲು, ಬಗ್ಗಿದ ತಲೆ, ತೊಡೆಯ ಮೇಲೆ ಬೋಗುಣಿ. ನಮ್ಮ ಬ್ರೇಕಿನ ಸದ್ದಿಗೆ ತಲೆ ಎತ್ತದೆ ಎಡಗೈ ಎತ್ತಿ ಓಣಿಯ ಕಡೆ ತೋರಿಸಿದರು. ಅವರ ಬೆರಳುಗಳಲ್ಲಿ ಬಟಾಣಿ ಸಿಪ್ಪೆಯಿತ್ತು, ಒಣಗಿ ಕಂದಿದ ಸಿಪ್ಪೆ. ಅದನ್ನು ಬಿಡಿಸಿ, ಒಳಗೆ ಹೆಬ್ಬೆರಳು ಆಡಿಸಿ, ಬೋಗುಣಿಗೆ ಹಾಕಿ, ಆ ಬೋಗುಣಿಯಿಂದಲೇ ಇನ್ನೊಂದು ಸಿಪ್ಪೆ ಎತ್ತಿಕೊಂಡರು. ಕಾಳು ಒಂದೂ ಇರಲಿಲ್ಲ. ಓಡಿಬಿಡೋಣ ಅನ್ನಿಸಿತು ನನಗೆ.

“ಇವರು ಅವರಲ್ಲ,” ಎಂದರು ಮಾವ, ಉಸಿರಿನಷ್ಟೇ ದನಿಯಲ್ಲಿ.

ಎದುರಿನ ಮನೆಯ ಬಾಗಿಲಲ್ಲಿ ಒಬ್ಬ ಬಡಗಿ ಹಲಗೆಗೆ ಹತ್ತರಿ ಹೊಡೆಯುತ್ತಿದ್ದ. ನೀರು ಕೇಳುವ ನೆಪದಲ್ಲಿ ಅತ್ತ ಹೋದೆವು. ನಾವು ಕೇಳುವ ಮೊದಲೇ ಆತ, “ಗಾಬರಿ ಆಯ್ತಾ? ಎಲ್ಲರಿಗೂ ಆಗುತ್ತೆ,” ಎಂದ. ಬಂದವರಿಗೆಲ್ಲ ಹೇಳಿ ಅಭ್ಯಾಸವಾದಂತಿತ್ತು.

“ಆ ಮನೆ ಅಜ್ಜಿ ಹೋಗಿ ಒಂಬತ್ತು ವರ್ಷ ಆಯ್ತು. ಯಾವನೋ ಪುಣ್ಯಾತ್ಮ ಆ ಅಜ್ಜಿನೇ ಗುರುತು ಅಂತ ಕಾಗದದಲ್ಲಿ ಬರೆದಿದ್ದಾನೆ. ಬದುಕಿರೋ ಮನುಷ್ಯರನ್ನ ಹಾಗೆ ಬರೀತಾರಾ? ಅಜ್ಜಿನ ಮಣ್ಣು ಮಾಡೋ ದಿನ ಊರೆಲ್ಲ ಗುಡ್ಡದ ಮೇಲಿತ್ತು. ಬಾಗಿಲೆಲ್ಲ ಮುಚ್ಚಿತ್ತು. ಆಗ ಒಬ್ಬ ಹುಡುಗ ಸೈಕಲ್ಲಲ್ಲಿ ಬಂದಿದ್ದಾನೆ. ಅಜ್ಜಿ ಕಾಣಲಿಲ್ಲ, ಇನ್ನೂ ಮುಂದೆ ಇರಬೇಕು ಅಂತ ನೇರ ಹೋಗಿದ್ದಾನೆ. ಕೆಳಗಿನ ಬಾಗಿಲು ದಾಟಿದ್ರೆ ಇಳಿಜಾರು, ಇಳಿಜಾರಿನ ತಿರುವಲ್ಲೇ ನೀರು ತುಂಬಿದ ಹಳೇ ಕಲ್ಲುಕ್ವಾರಿ. ನಾವು ಮಣ್ಣು ಮಾಡಿ ಬರೋವಾಗ ನೀರಿನ ಮೇಲೆ ಬರೀ ಟೋಪಿ ಇತ್ತು.”

ಮಾವ ಸೈಕಲ್ಲಿನ ಹ್ಯಾಂಡಲ್ ಹಿಡಿದು ನಿಂತಿದ್ದರು. ಅವರ ಕೈಯ ನರಗಳು ಉಬ್ಬಿದ್ದು ನನಗೆ ಕಂಡಿತು.

“ಹಾಗಾದ್ರೆ ಇವರು?” ಎಂದೆ ನಾನು.

“ಆ ಹುಡುಗನ ತಾಯಿ. ಜಾಗ ನೋಡ್ತೀನಿ ಅಂತ ಬಂದ್ರು. ಅಜ್ಜಿ ಕೂರ್ತಿದ್ದ ಕಲ್ಲು ಯಾವುದು ಅಂದ್ರು, ತೋರಿಸಿದ್ವಿ. ಏನು ಸುಲೀತಿದ್ರು ಅಂದ್ರು, ಬೋಗುಣಿ ಕೊಟ್ವಿ. ಅಷ್ಟೇ, ಏಳಲೇ ಇಲ್ಲ. ಊಟ ತಿಂಡಿ ಒಂದೊಂದು ದಿನ ಒಂದೊಂದು ಮನೆಯಿಂದ ಹೋಗುತ್ತೆ. ಇಳಿಜಾರಿಗೆ ನಾವು ಅವತ್ತೇ ಕಲ್ಲು ಪೇರಿಸಿ ದಾರಿ ಮುಚ್ಚಿದ್ವಿ. ಇನ್ನು ಯಾರೂ ಬೀಳೋ ಹಾಗಿಲ್ಲಮ್ಮ, ನೀವು ಎದ್ದೇಳಿ ಅಂದ್ರೆ ಕೇಳಲ್ಲ. ಬಂದಾಗ ನನಗಿಂತ ಗಟ್ಟಿಯಾಗಿದ್ರು. ಕೂತು ಕೂತು ಆ ಅಜ್ಜಿ ಥರಾನೇ ಆಗಿಬಿಟ್ಟಿದ್ದಾರೆ, ನಮಗೇ ಒಂದೊಂದು ಸಲ ಮೈ ಜುಮ್ಮೆನ್ನುತ್ತೆ.”

ಮಾವನ ತೋಳು ಹಿಡಿದು ಪಕ್ಕಕ್ಕೆ ಎಳೆದೆ. “ಸುಮ್ಮನೆ ಹೋಗೋಣ ಮಾವ. ಹಾಳೆಯಲ್ಲಿ ನಿಮ್ಮ ಹೆಸರಿಲ್ಲ, ಸಂಘದ್ದೂ ಇಲ್ಲ. ಪುಸ್ತಕದಲ್ಲಿ ಆ ಸಾಲು ತೆಗೆದುಹಾಕ್ತೀನಿ. ಈಗ ಹೇಳಿ ಯಾರಿಗೇನು ಸಿಗುತ್ತೆ?”

ಇದನ್ನು ಬರೆಯುವಾಗ ನನಗೆ ನನ್ನ ಮೇಲೇ ಹೇಸಿಗೆಯಾಗುತ್ತದೆ. ಆದರೆ ಅಂದದ್ದು ನಿಜ, ಮತ್ತು ಅವರನ್ನು ಉಳಿಸಿಕೊಳ್ಳಲೆಂದೇ ಅಂದದ್ದು. ಮಾವ ನನ್ನ ಕೈ ಬಿಡಿಸಿಕೊಂಡರು. ಸೈಕಲ್ಲನ್ನು ಗೋಡೆಗೊರಗಿಸಿ, ಬೀದಿ ದಾಟಿ, ಆ ತಾಯಿಯ ಎದುರು ಕಲ್ಲುಹಾಸಿನ ಮೇಲೆ ಕುಕ್ಕರಗಾಲಿನಲ್ಲಿ ಕೂತರು. ಮೀಟರ್ ಓದಲು ಹಾಗೇ ಕೂರುತ್ತಿದ್ದರು.

“ಎಡಕ್ಕೆ,” ಎಂದರು ಆ ತಾಯಿ, ನೋಡದೆ.

“ಗೊತ್ತಮ್ಮ. ನಿಮ್ಮ ಹತ್ತಿರ ಮಾತಾಡಬೇಕಿತ್ತು.”

ಸಿಪ್ಪೆ ಬಿಡಿಸುವ ಬೆರಳು ನಿಂತಿತು. ತಲೆ ಎತ್ತಿದಾಗ ನೋಡಿದೆ, ಕಣ್ಣು ಮಾತ್ರ ಮುದುಕಿಯದ್ದಲ್ಲ. ಅರವತ್ತು ದಾಟಿರಲಾರದ ಹೆಂಗಸಿನ ಚುರುಕು ಕಣ್ಣು.

“ಪೊಲೀಸಿನವರಾ?” ಎಂದರು. “ಅವನು ಜೋರಾಗಿ ಬಂದ, ಕಾಗದ ನೋಡಲಿಲ್ಲ ಅಂತ ಬರೆದುಬಿಟ್ರಲ್ಲ, ಇನ್ನೇನಿದೆ? ಅವನು ಗಡಿಯಾರ ರಿಪೇರಿ ಮಾಡ್ತಿದ್ದ. ಕೂದಲಿನಷ್ಟು ಸಣ್ಣ ತಿರುಪು ಕೂರಿಸೋ ಕಣ್ಣು ಅವಂದು. ಅವನು ಕಾಗದ ನೋಡಲಿಲ್ವಂತೆ. ಅವನ ಅಪ್ಪಾನೂ ಅದನ್ನೇ ಅಂದ್ರು, ಯಾವಾಗಲೂ ಆತುರ ಅವನಿಗೆ ಅಂತ. ಅವತ್ತಿಂದ ನಾನು ಆ ಮನೆಗೆ ಹೋಗಿಲ್ಲ.”

ಕೆಳಗೆ ಬಿದ್ದಿದ್ದ ಒಂದು ಸಿಪ್ಪೆಯನ್ನು ಮಾವ ಎತ್ತಿ ಬೋಗುಣಿಗೆ ಹಾಕಿದರು.

“ಒಂಬತ್ತು ವರ್ಷದಲ್ಲಿ ಇಲ್ಲಿ ಒಬ್ಬರೂ ತಪ್ಪಿಲ್ಲ. ಕಾಗದ ನೋಡ್ತಾರೆ, ನನ್ನನ್ನ ನೋಡ್ತಾರೆ, ತಿರುಗ್ತಾರೆ. ಅಜ್ಜಿ ಇದ್ರೆ ಯಾರೂ ತಪ್ಪಲ್ಲ. ಅವತ್ತು ಅಜ್ಜಿ ಇರಲಿಲ್ಲ. ನಾನು ಹೇಳೋದು ಇಷ್ಟೇ. ಈ ಊರವರನ್ನ ಬಿಟ್ಟು ಒಬ್ಬರಾದ್ರೂ ಹೌದು ಅನ್ನಲಿ ಅಂತ ಕೂತಿದೀನಿ.”

“ಹೌದು,” ಎಂದರು ಮಾವ. “ನಿಮ್ಮ ಮಗ ಸರಿಯಾಗೇ ಓದಿದ್ದಾನೆ. ಓದಿದ್ದಕ್ಕೇ ಮುಂದೆ ಹೋಗಿದ್ದಾನೆ. ಆ ಕಾಗದ ಬರೆದವನು ನಾನು.”

ಎದುರುಗಡೆ ಹತ್ತರಿಯ ಸದ್ದು ನಿಂತಿತು. ಆ ತಾಯಿ ಈಗ ಬೋಗುಣಿ ಎತ್ತಿ ಮಾವನ ತಲೆಗೆ ಹೊಡೆಯುತ್ತಾರೆ, ಹೊಡೆದರೆ ನಾನು ಅಡ್ಡ ಹೋಗಬಾರದು ಎಂದುಕೊಂಡು ಮುಷ್ಟಿ ಬಿಗಿಹಿಡಿದು ನಿಂತೆ. ಅವರು ಹೊಡೆಯಲಿಲ್ಲ, ಬೈಯಲಿಲ್ಲ. ಮಾವನ ಮುಖವನ್ನೇ ಬಹಳ ಹೊತ್ತು ನೋಡಿದರು.

“ಬರೆದುಕೊಡಿ,” ಎಂದರು. “ಬಾಯಿಮಾತಲ್ಲಿ ಹೇಳಿದ್ರೆ ಅವನ ಅಪ್ಪ ನಂಬಲ್ಲ.”

ಮಾವ ಜೇಬಿನಿಂದ ದಾರಿ ಬರೆಯುವ ಪುಸ್ತಕ ತೆಗೆದರು. ಅವರಿಗೆ ಬೇರೆ ಥರ ಬರೆಯಲು ಬರುತ್ತಿರಲಿಲ್ಲವಲ್ಲ, ಹಾಗೇ ಬರೆದರು: ‘31.6: ಅಜ್ಜಿ ಇರಲಿಲ್ಲ. ಸವಾರ ಹಾಳೆಯನ್ನು ಸರಿಯಾಗಿ ಓದಿದ್ದಾನೆ. ಗುರುತು ತಪ್ಪು. ತಪ್ಪು ಬರೆದವನದು.’ ಕೆಳಗೆ ತಮ್ಮ ಪೂರ್ತಿ ಹೆಸರು, ವಿಳಾಸ, ಸಹಿ.

ಆ ತಾಯಿ ಮೂರು ಸಲ ಓದಿದರು. ಮಡಚಿ ಎದೆಯೊಳಗೆ ಇಟ್ಟುಕೊಂಡರು. ಆಮೇಲೆ ಗೋಡೆ ಹಿಡಿದು ಎದ್ದರು. ಮೊದಲ ಸಲ ಮಂಡಿ ಕೇಳಲಿಲ್ಲ, ಎರಡನೇ ಸಲ ಎದ್ದು ನಿಂತರು. ಬೋಗುಣಿಯನ್ನು ಇಡಲು ಜಾಗ ಹುಡುಕುವವರಂತೆ ಅತ್ತಿತ್ತ ನೋಡಿ ಮಾವನ ಕೈಗೆ ಕೊಟ್ಟರು. ಶಾಲು ತೆಗೆದು ಕಲ್ಲಿನ ಮೇಲೆ ಹಾಕಿದರು. ಶಾಲಿಲ್ಲದೆ ಅವರು ತೀರಾ ಬೇರೆಯೇ ಕಂಡರು, ಸಂತೆಯಲ್ಲಿ ಪಕ್ಕದಲ್ಲಿ ನಿಲ್ಲುವ ಯಾರೋ ಒಬ್ಬ ಹೆಂಗಸು. ಮೂರು ಗಂಟೆಗೆ ಬಸ್ಸಿದೆ ಎಂದು ಬಡಗಿ ಹೇಳಿದ. ಮೇಲಿನ ಬಾಗಿಲಿನವರೆಗೂ ಅವರು ಒಂದು ಕೈಯಲ್ಲಿ ಗೋಡೆ ತಡವಿಕೊಂಡು ನಡೆದರು, ತಿರುಗಿ ನೋಡಲಿಲ್ಲ. ನನಗೆ ಎದೆಯ ಮೇಲಿನ ಭಾರ ಇಳಿದು ಗಳಗಳ ಅಳು ಬಂತು.

“ಏಳಿ ಮಾವ, ಹೋಗೋಣ,” ಎಂದೆ ಮೂಗು ಒರೆಸಿಕೊಂಡು.

ಮಾವ ಕಲ್ಲಿನ ಮೇಲೆ ಕೂತಿದ್ದರು. “ಯಾರೋ ಬರ್ತಿದ್ದಾರೆ. ಅವರು ದಾಟಲಿ.”

ನಿಜ, ಮೇಲಿನ ಬಾಗಿಲಿನಿಂದ ಇಬ್ಬರು ಸವಾರರು ಬರುತ್ತಿದ್ದರು. ಮುಂದಿನವನು ಹ್ಯಾಂಡಲ್ಲಿನ ಹಾಳೆ ನೋಡಿದ, ಬಾಗಿಲು ನೋಡಿದ, ಹೆಗಲ ಮೇಲೆ ಬಿಳಿ ಶಾಲು ಎಳೆದುಕೊಂಡು ಕೂತಿದ್ದ ಮಾವನನ್ನು ನೋಡಿದ. ಮಾವ ಎಡಗೈ ಎತ್ತಿದರು.

“ಅಜ್ಜಿ ಸಿಕ್ಕಿದ್ರು. ಎಡಕ್ಕೆ,” ಎಂದು ಅವನು ಹಿಂದಿನವನಿಗೆ ಕೂಗಿ ಹೇಳಿ ತಿರುಗಿಕೊಂಡ.

ನನಗೆ ನಗು ಬಂತು. ಮಾವನಿಗೆ ಪೊರಕೆಯಂಥ ಮೀಸೆ. ಅದನ್ನು ನೋಡಿಯೂ ಅಜ್ಜಿ ಎನ್ನುವವನಿಗೆ ಕಣ್ಣಿದೆಯೇ ಎಂದು ಹೇಳಲು ಹೋದೆ. ಮಾವ ನಗುತ್ತಿರಲಿಲ್ಲ. ಬೋಗುಣಿಯಿಂದ ಒಂದು ಸಿಪ್ಪೆ ಎತ್ತಿಕೊಂಡು ಹೆಬ್ಬೆರಳಿನಿಂದ ಬಿಡಿಸುತ್ತಿದ್ದರು.

“ಇಳಿಜಾರಿಗೆ ಕಲ್ಲು ಹಾಕಿದ್ದಾರಲ್ಲ ಮಾವ. ಯಾರೂ ಬೀಳಲ್ಲ.”

“ಆ ಹಾಳೆ ಎಷ್ಟು ಜನರ ಹತ್ತಿರ ಇದೆಯೋ ಯಾರಿಗೆ ಗೊತ್ತು. ಹಾಳೆಯಲ್ಲಿ ಅಜ್ಜಿ ಇದ್ದಾರೆ ಪುಟ್ಟಿ. ಇಲ್ಲಿ ಇರಬೇಕು,” ಎಂದರು. “ನೀನು ಹೊರಡು, ಇವತ್ತೊಂದು ದಿನ ಇದ್ದು ಬರ್ತೀನಿ.”

ಒಂದು ದಿನ ಒಂದು ವಾರವಾಯಿತು. ಬಟ್ಟೆ ಒಯ್ದುಕೊಟ್ಟೆ, ಜಗಳವಾಡಿದೆ, ಕಾಲು ಹಿಡಿದೆ. ಅಮ್ಮ ಬಂದು, ತಮ್ಮನೆಂಬುದನ್ನೂ ನೋಡದೆ ಬಾಯಿಗೆ ಬಂದಂತೆ ಬೈದುಹೋದಳು. ಹೊಸ ಪುಸ್ತಕ ಅಚ್ಚಾಯಿತು, ಅದರಲ್ಲಿ ‘ಕಲ್ಲಿನ ತೊಟ್ಟಿಯಾದ ಮೇಲೆ ನಾಲ್ಕನೇ ಓಣಿ’ ಎಂದು ನಾನೇ ತಿದ್ದಿ ಹಾಕಿದೆ. ಮೊದಲ ಪ್ರತಿಯನ್ನು ಅವರ ಕೈಗೇ ಕೊಟ್ಟು, ಇನ್ನು ನಿಮ್ಮ ಕೆಲಸ ಮುಗಿಯಿತು ಎಂದೆ. ಓದಿ, ಚೆನ್ನಾಗಿದೆ ಎಂದು ಹಿಂದಕ್ಕೆ ಕೊಟ್ಟರು. ಹೋದಾಗಲೆಲ್ಲ ಅವರ ಮಾತು ಒಂದೊಂದು ಕಡಿಮೆಯಾಗುತ್ತಿತ್ತು. ಅಂಗಡಿಯ ಕಾಗದದ ಕಟ್ಟಿನ ಮೇಲೆ ಈಗ ಯಾರೂ ಕೂರುವುದಿಲ್ಲ, ಒಂದು ಹಾಳೆಯೂ ಮುದುಡುವುದಿಲ್ಲ. ಅದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಕೊನೆಯ ಸಲ ಹೋದದ್ದು ನಾನು ಕಾಯಿಲೆ ಬಿದ್ದು ನಾಲ್ಕು ತಿಂಗಳು ಮನೆಯಲ್ಲೇ ಕಳೆದ ಮೇಲೆ. ಮಧ್ಯಾಹ್ನವಾಗಿತ್ತು. ದೂರದಿಂದಲೇ ಶಾಲು ಕಂಡಿತು. ಹತ್ತಿರ ಹೋದಾಗ ಬೆನ್ನು ಮೊದಲಿಗಿಂತ ಬಗ್ಗಿತ್ತು, ಮೀಸೆ ಇರಲಿಲ್ಲ, ಕೆನ್ನೆ ಒಳಕ್ಕೆ ಹೋಗಿತ್ತು. ನಾನು ಒಂದು ಕಾಲು ನೆಲಕ್ಕೂರಿ ನಿಂತೆ.

“ಮಾವ,” ಎಂದೆ.

ತಲೆ ಎತ್ತಲಿಲ್ಲ. ಕೈ ಎತ್ತಿದರು. “ಎಡಕ್ಕೆ ಹೋಗಿ. ಕೆಳಗೆ ದಾರಿ ಇಲ್ಲ.”

“ಮಾವ, ನಾನು.”

ಕೈ ಹಾಗೇ ಇತ್ತು. ನಾನು ತಿರುಗುವವರೆಗೂ ಅದು ಇಳಿಯುವುದಿಲ್ಲವೆಂದು ನನಗೆ ಗೊತ್ತಾಯಿತು. ಆ ವಯಸ್ಸಿನಲ್ಲಿ ಅಷ್ಟು ಹೊತ್ತು ಕೈ ಎತ್ತಿ ಹಿಡಿದರೆ ಭುಜ ಎಷ್ಟು ನೋಯುತ್ತದೋ. ನೋಡಲಾಗಲಿಲ್ಲ ನನಗೆ. ಎಡಕ್ಕೆ ತಿರುಗಿದೆ.